ಮೊದಲ ಪುಸ್ತಕಕ್ಕೆ ಓದುಗರನ್ನು ಹುಡುಕುವುದು: ಜಾಸ್ತಿ ಖರ್ಚಿಲ್ಲದ ದಾರಿಗಳಲ್ಲಿ ನಿಮಗೆ ಯಾವುದು?

ನನ್ನ ಮೊದಲ ಕಥಾಸಂಕಲನ ಅಚ್ಚಾಗಿ ಕೈಗೆ ಬಂದ ದಿನ ಮುಖಪುಟದ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದೆ. ಸಂಜೆಯೊಳಗೆ ಇನ್ನೂರು ಚಿಲ್ಲರೆ ಲೈಕು. ಕೆಳಗೆ ಸಾಲುಸಾಲು 'ಅಭಿನಂದನೆಗಳು'. ಎರಡನೇ ಮುದ್ರಣಕ್ಕೆ ಎಷ್ಟು ಪ್ರತಿ ಹಾಕಿಸಬೇಕು ಅಂತ ಲೆಕ್ಕ ಹಾಕಿಕೊಂಡೇ ಆ ರಾತ್ರಿ ಮಲಗಿದೆ. ವಾರ ಕಳೆದ ಮೇಲೆ ನೋಡಿದರೆ ಹೋಗಿದ್ದು ಮೂರು ಪ್ರತಿ. ಅದರಲ್ಲಿ ಒಂದು ನನ್ನ ಅಕ್ಕನದು. ಉಳಿದ ಪುಸ್ತಕಗಳು ಮಂಚದ ಕೆಳಗಿನ ಡಬ್ಬದಲ್ಲಿ, ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚದೆ ಕೂತಿದ್ದವು.

ಆಮೇಲೆ ಸುಮಾರು ಎರಡು ವರ್ಷ ಒಂದೊಂದೇ ದಾರಿ ಹಿಡಿದು ನೋಡಿದೆ. ಕೆಲವು ಕೈ ಹಿಡಿದವು. ಕೆಲವು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾದವು. ಮೊದಲ ಪುಸ್ತಕ ಹೊರಗೆ ತರುತ್ತಿರುವವರು ಕೇಳಿದಾಗೆಲ್ಲ ನಾನು ಹೇಳುವ ಮಾತುಗಳನ್ನೇ ಇಲ್ಲಿ ಒಂದೆಡೆ ಬರೆದಿದ್ದೇನೆ.

ಹೋಲಿಸುವ ಮೊದಲು ಮೂರು ಪ್ರಶ್ನೆ

ಕಡಿಮೆ ಖರ್ಚು ಅಂದ ತಕ್ಷಣ ನಾವು ದುಡ್ಡನ್ನಷ್ಟೇ ಎಣಿಸುತ್ತೇವೆ. ದುಡ್ಡು ಹೋಗದ ಕಡೆ ಹೊತ್ತು ಹೋಗುತ್ತದೆ. ಒಂದು ರೀಲ್ ಮಾಡಲು ಮೂರು ಗಂಟೆ ಕೂತರೆ ಅದು ಪುಕ್ಕಟೆ ಹೇಗಾಯಿತು? ಅದಕ್ಕೇ ಯಾವ ದಾರಿ ಎದುರಾದರೂ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ವಾರಕ್ಕೆ ಎಷ್ಟು ಗಂಟೆ ಬೇಡುತ್ತದೆ? ಅಲ್ಲಿ ನನ್ನ ಪುಸ್ತಕ ನೋಡಿದವರು ಕೊಳ್ಳುವುದಕ್ಕೆ ಎಷ್ಟು ಹೆಜ್ಜೆ ನಡೆಯಬೇಕು? ನಾಳೆ ಆ ದಾರಿ ಮುಚ್ಚಿದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ?

ಮೂರನೆಯ ಪ್ರಶ್ನೆಗೆ ನಾನು ಜಾಸ್ತಿ ತೂಕ ಕೊಡುತ್ತೇನೆ. ನೂರು ಜನ ನಿಮ್ಮ ಪುಸ್ತಕ ಕೊಂಡರು, ಆದರೆ ಅವರು ಯಾರು ಅಂತ ನಿಮಗೆ ಗೊತ್ತಿಲ್ಲ ಅಂದರೆ ಎರಡನೇ ಪುಸ್ತಕಕ್ಕೆ ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಐವತ್ತೇ ಜನ ಕೊಂಡಿದ್ದರೂ ಅವರನ್ನು ತಲುಪುವ ದಾರಿ ನಿಮ್ಮ ಹತ್ತಿರ ಇದ್ದರೆ ಎರಡನೇ ಪುಸ್ತಕದ ಮೊದಲ ವಾರ ಅಷ್ಟು ಭಯ ಹುಟ್ಟಿಸುವುದಿಲ್ಲ.

ಇನ್ನೊಂದು ಮಾತು. ಪ್ರಚಾರಕ್ಕೆ ಇಳಿಯುವ ಮೊದಲು ಮುಖಪುಟವನ್ನು ಫೋನಿನಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಹೆಸರು ಓದಲು ಬರುತ್ತದಾ? ಆನ್‌ಲೈನ್ ಅಂಗಡಿಯಲ್ಲಿ ಪುಸ್ತಕ ಕಾಣುವುದು ಆ ಅಳತೆಯಲ್ಲೇ. ನನ್ನ ಮೊದಲ ಮುಖಪುಟದಲ್ಲಿ ಕಡುನೀಲಿ ಮೇಲೆ ತೆಳು ಕಂದು ಅಕ್ಷರ ಇತ್ತು. ಕೈಯಲ್ಲಿ ಹಿಡಿದರೆ ಚಂದ, ಫೋನಿನಲ್ಲಿ ಬರೀ ಕತ್ತಲೆ. ಬೆನ್ನುಡಿಯೂ ಅಷ್ಟೇ. ಹಿರಿಯರೊಬ್ಬರ ಆಶೀರ್ವಾದದ ಮಾತಿಗಿಂತ ಕಥೆ ಯಾರದು, ಅವರಿಗೆ ಏನು ಒದಗಿತು ಅನ್ನುವ ನಾಲ್ಕು ಸಾಲು ಓದುಗರಿಗೆ ಹೆಚ್ಚು ಉಪಯೋಗ. ಇವೆರಡು ಸರಿಯಿಲ್ಲದೆ ಯಾವ ದಾರಿ ಹಿಡಿದರೂ ಜನ ಬಾಗಿಲವರೆಗೆ ಬಂದು ವಾಪಸ್ ಹೋಗುತ್ತಾರೆ.

ವಾಟ್ಸಾಪ್: ಗ್ರೂಪೋ, ಬ್ರಾಡ್‌ಕಾಸ್ಟೋ, ಸ್ಟೇಟಸ್ಸೋ

ಹೊಸಬರು ಮೊದಲು ಕೈಹಾಕುವುದು ಇಲ್ಲಿಗೇ. ತಪ್ಪೇನಿಲ್ಲ. ಮೊದಲ ಐವತ್ತು ಓದುಗರು ಹೆಚ್ಚಾಗಿ ಪರಿಚಯದವರೇ ಆಗಿರುತ್ತಾರೆ. ಆದರೆ ವಾಟ್ಸಾಪಿನ ಒಳಗೇ ನಾಲ್ಕೈದು ಬೇರೆ ಬೇರೆ ದಾರಿಗಳಿವೆ. ಅವುಗಳ ಗುಣ ಒಂದೇ ಅಲ್ಲ.

ಗ್ರೂಪಿನಲ್ಲಿ 1024 ಜನರವರೆಗೆ ಇರಬಹುದು. ಸಂಖ್ಯೆ ನೋಡಿ ಖುಷಿಯಾಗುತ್ತದೆ. ಆದರೆ ಆ ಗ್ರೂಪು ಹಳೆಯ ಸಹಪಾಠಿಗಳದ್ದೋ, ಬಡಾವಣೆಯದ್ದೋ ಆಗಿರುತ್ತದೆ. ಅಲ್ಲಿ ಪುಸ್ತಕದ ಲಿಂಕ್ ಹಾಕಿದರೆ ಹತ್ತು ನಿಮಿಷದಲ್ಲಿ ಮೂರು 'ಶುಭೋದಯ'ದ ಅಡಿಗೆ ಸೇರಿ ಹೋಗುತ್ತದೆ. ಎರಡನೇ ಸಲ ಹಾಕಿದರೆ ಜನಕ್ಕೆ ಕಿರಿಕಿರಿ. ನಾನು ಒಂದು ಗ್ರೂಪಿನಲ್ಲಿ ಮೂರು ಸಲ ಹಾಕಿದ್ದೆ. ಅಡ್ಮಿನ್ ಬೇರೆಯಾಗಿ ಮೆಸೇಜ್ ಮಾಡಿ, ತುಂಬಾ ಮರ್ಯಾದೆಯಿಂದಲೇ, ಸಾಕು ಅಂದರು.

ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ 256 ಜನರನ್ನು ಸೇರಿಸಬಹುದು. ಒಬ್ಬೊಬ್ಬರಿಗೂ ಅವರೊಬ್ಬರಿಗೇ ಕಳಿಸಿದ ಮೆಸೇಜಿನ ಹಾಗೆ ಕಾಣುತ್ತದೆ. ಇಲ್ಲೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ತಲುಪುತ್ತದೆ. ಇನ್ನೂರು ಜನಕ್ಕೆ ಕಳಿಸಿ, ತಲುಪಿದ್ದು ತೊಂಬತ್ತಕ್ಕೆ ಅಂದರೆ ಆಶ್ಚರ್ಯ ಬೇಡ. ಹಾಗಿದ್ದೂ ಗ್ರೂಪಿಗಿಂತ ಇದೇ ವಾಸಿ. ಯಾಕೆಂದರೆ ಉತ್ತರ ನೇರ ನಿಮಗೇ ಬರುತ್ತದೆ, ಮಾತು ಮುಂದುವರಿಯುತ್ತದೆ.

ಸ್ಟೇಟಸ್ 24 ಗಂಟೆಗೆ ಮಾಯ. ಖರ್ಚಿಲ್ಲ, ಯಾರಿಗೂ ತೊಂದರೆಯಿಲ್ಲ, ಯಾರು ನೋಡಿದರು ಅಂತಲೂ ಹೆಚ್ಚಾಗಿ ಗೊತ್ತಾಗುತ್ತದೆ. ವಾರಕ್ಕೊಂದು ಸಲ ಪುಸ್ತಕದ ಒಂದು ಪ್ಯಾರಾದ ಫೋಟೋ ಹಾಕಿದರೆ ಸಾಕು. 2023ರಲ್ಲಿ ಬಂದ ಚಾನೆಲ್ ಇನ್ನೊಂದು ಆಯ್ಕೆ. ಅಲ್ಲಿ ಫಾಲೋ ಮಾಡುವವರಿಗೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಅಪರಿಚಿತ ಓದುಗರು ಬರತೊಡಗಿದ ಮೇಲೆ ಅದು ಒಳ್ಳೆಯದು. ಮೊದಲ ದಿನವೇ ತೆರೆದು ಏಳು ಜನರನ್ನು ಇಟ್ಟುಕೊಂಡು ಕೂತರೆ ನಮಗೇ ಬೇಜಾರು.

ಇನ್ನು ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆಯುವುದು. ಇದಕ್ಕೆ ಹೊತ್ತು ಜಾಸ್ತಿ ಬೇಕು, ಫಲವೂ ಜಾಸ್ತಿ. ನಾನು ಮೊದಲು ಕಳಿಸುತ್ತಿದ್ದುದು ಹೀಗೆ: 'ಆತ್ಮೀಯರೇ, ನನ್ನ ಚೊಚ್ಚಲ ಕೃತಿ ಬಿಡುಗಡೆಯಾಗಿದೆ, ಕೊಂಡು ಓದಿ ಪ್ರೋತ್ಸಾಹಿಸಿ.' ಕೈಮುಗಿದ ಚಿಹ್ನೆ ಎರಡು. ಬಂದ ಉತ್ತರವೂ ಕೈಮುಗಿದ ಚಿಹ್ನೆಯೇ. ಆಮೇಲೆ ಬದಲಿಸಿದೆ: 'ನೀವು ಅವತ್ತು ಬಸ್ಸಿನಲ್ಲಿ ನಿಮ್ಮ ತಾತನ ರೇಡಿಯೋ ಕಥೆ ಹೇಳಿದ್ರಲ್ಲ, ಈ ಸಂಕಲನದ ನಾಲ್ಕನೇ ಕಥೆ ಬರೆಯುವಾಗ ಅದೇ ತಲೆಯಲ್ಲಿತ್ತು. ಎರಡು ಪುಟ ಕಳಿಸ್ತೀನಿ, ಇಷ್ಟವಾದರೆ ಮಾತ್ರ ಲಿಂಕ್ ಕೇಳಿ.' ಲಿಂಕನ್ನು ಅವರೇ ಕೇಳುವ ಹಾಗೆ ಬಿಟ್ಟಿದ್ದು ಕೆಲಸ ಮಾಡಿತು. ದಿನಕ್ಕೆ ಐದು ಜನಕ್ಕಿಂತ ಜಾಸ್ತಿ ಬರೆಯಲು ಆಗುತ್ತಿರಲಿಲ್ಲ. ಮಂಚದ ಕೆಳಗಿನ ಡಬ್ಬ ಮೊದಲು ಹಗುರವಾಗಿದ್ದು ಮಾತ್ರ ಇದರಿಂದಲೇ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್

ಮೂರರಲ್ಲೂ ಇರಬೇಕು ಅನ್ನುವವರ ಮಾತು ಕೇಳಬೇಡಿ. ಒಂದನ್ನು ಆರಿಸಿಕೊಳ್ಳಿ. ನಿಮ್ಮ ಕೈಗೆ ಯಾವ ಕೆಲಸ ಸಲೀಸು ಅನ್ನುವುದರ ಮೇಲೆ ಆರಿಸಿ.

ಬರೆಯುವುದೇ ಸುಲಭ ಅನ್ನಿಸಿದರೆ ಫೇಸ್‌ಬುಕ್. ಅಲ್ಲಿ ಉದ್ದ ಬರಹವನ್ನು ಓದುವವರು ಇದ್ದಾರೆ, ಓದುಗರ ಗುಂಪುಗಳೂ ಇವೆ. ಗುಂಪಿಗೆ ಸೇರಿದ ದಿನವೇ ನಿಮ್ಮ ಪುಸ್ತಕ ತಂದು ಇಟ್ಟರೆ ಮದುವೆಮನೆಗೆ ಬಂದು ಚೀಟಿ ಹಂಚಿದ ಹಾಗಿರುತ್ತದೆ. ಎರಡು ತಿಂಗಳು ಬೇರೆಯವರ ಪುಸ್ತಕಗಳ ಬಗ್ಗೆ ಬರೆಯಿರಿ. ನಿಮ್ಮ ರುಚಿ ಏನು ಅಂತ ಜನಕ್ಕೆ ಗೊತ್ತಾಗಲಿ. ಆಮೇಲೆ ನಿಮ್ಮದನ್ನು ಹೇಳಿದರೆ ಕೇಳುತ್ತಾರೆ.

ಫೋಟೋ, ಚಿಕ್ಕ ವಿಡಿಯೋ ಮಾಡುವುದು ಇಷ್ಟವಾದರೆ ಇನ್‌ಸ್ಟಾಗ್ರಾಮ್. ಪರಿಚಯವೇ ಇಲ್ಲದವರ ಕಣ್ಣಿಗೆ ಬೀಳುವ ಅವಕಾಶ ಅಲ್ಲಿನ ರೀಲ್ಸಿನಲ್ಲಿ ಹೆಚ್ಚು. ಆದರೆ ಎರಡನೇ ಪ್ರಶ್ನೆಯಲ್ಲಿ ಅದು ಸೋಲುತ್ತದೆ. ಪೋಸ್ಟಿನ ಕೆಳಗೆ ಬರೆದ ಲಿಂಕ್ ಅಲ್ಲಿ ಒತ್ತಿದರೆ ತೆರೆಯುವುದಿಲ್ಲ. ಓದುಗರು ನಿಮ್ಮ ಪ್ರೊಫೈಲಿಗೆ ಹೋಗಬೇಕು, ಅಲ್ಲಿನ ಲಿಂಕ್ ಒತ್ತಬೇಕು, ಅಂಗಡಿಯ ಪುಟ ತೆರೆಯಬೇಕು. ಹೆಜ್ಜೆಗೊಬ್ಬರು ಉದುರುತ್ತಾರೆ. ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ ಹಾಕಬಹುದು, 2021ರಿಂದ ಅದು ಎಲ್ಲ ಖಾತೆಗಳಿಗೂ ಸಿಕ್ಕಿದೆ. ಆದರೆ ಸ್ಟೋರಿಯ ಆಯಸ್ಸೂ ಒಂದೇ ದಿನ.

ಯೂಟ್ಯೂಬ್ ನಿಧಾನ. ಒಂದು ಕಥೆಯನ್ನು ನಿಮ್ಮದೇ ದನಿಯಲ್ಲಿ ಓದಿ ಹಾಕಿದರೆ ಮೊದಲ ತಿಂಗಳು ನಲವತ್ತು ಜನ ಕೇಳಿಯಾರು. ಆದರೆ ಅದು ಹುಡುಕಾಟದಲ್ಲಿ ಸಿಗುವ ಜಾಗ. ವರ್ಷ ಕಳೆದ ಮೇಲೂ ಯಾರೋ ಬಂದು ಕೇಳುತ್ತಾರೆ. ಅಡುಗೆ, ತೋಟ, ಪರೀಕ್ಷೆ, ಹಣಕಾಸು ಇಂಥ ಮಾಹಿತಿಯ ಪುಸ್ತಕ ಬರೆದವರಿಗೆ ನಾನು ಕಣ್ಣುಮುಚ್ಚಿ ಯೂಟ್ಯೂಬನ್ನೇ ಹೇಳುತ್ತೇನೆ. ಜನ ಪ್ರಶ್ನೆ ಹಿಡಿದುಕೊಂಡೇ ಅಲ್ಲಿಗೆ ಬರುತ್ತಾರೆ, ಉತ್ತರದ ಕೆಳಗೆ ಒತ್ತಿದರೆ ತೆರೆಯುವ ಲಿಂಕ್ ಇರುತ್ತದೆ.

ಮೂರನೇ ಪ್ರಶ್ನೆಗೆ ಮಾತ್ರ ಮೂರೂ ಫೇಲು. ಐದು ಸಾವಿರ ಫಾಲೋವರ್ಸ್ ಇದ್ದರೂ ಅವರಲ್ಲಿ ಎಷ್ಟು ಜನಕ್ಕೆ ನಿಮ್ಮ ಪೋಸ್ಟ್ ತೋರಿಸಬೇಕು ಅನ್ನುವುದನ್ನು ತೀರ್ಮಾನಿಸುವುದು ಆ ಕಂಪನಿ. ಖಾತೆ ಲಾಕ್ ಆದರೆ ಎಲ್ಲ ಹೋಯಿತು. ಹಾಗಾಗಿ ಅಲ್ಲಿಗೆ ಬಂದವರನ್ನು ಮೆಲ್ಲಗೆ ನಿಮ್ಮ ಸ್ವಂತ ಪಟ್ಟಿಗೆ ಕರೆತರಬೇಕು.

ಇಮೇಲ್ ಪಟ್ಟಿ

ಹಳೆಯ ಕಾಲದ್ದು ಅಂತ ನಗಬೇಡಿ. ಪಟ್ಟಿ ನಿಮ್ಮದು. ಸೇವೆ ಕೊಡುವ ಕಂಪನಿ ಬದಲಿಸಿದರೂ ಹೆಸರುಗಳನ್ನು ಒಂದು ಫೈಲಿನಲ್ಲಿ ಇಳಿಸಿಕೊಂಡು ಹೋಗಬಹುದು. ಕೆಲವು ನೂರು ಜನರವರೆಗೆ ಪುಕ್ಕಟೆ ಬಳಸಲು ಬಿಡುವ ಸೇವೆಗಳಿವೆ, ಮೇಲ್‌ಚಿಂಪ್, ಮೇಲರ್‌ಲೈಟ್ ಥರದವು. 2017ರಲ್ಲಿ ಶುರುವಾದ ಸಬ್‌ಸ್ಟ್ಯಾಕ್‌ನಲ್ಲಿ ಉಚಿತ ಪತ್ರಗಳಿಗೆ ದುಡ್ಡೇ ಕೇಳುವುದಿಲ್ಲ. ನಿಮ್ಮ ಸಾಮಾನ್ಯ ಜಿಮೇಲಿನಿಂದಲೇ ಎಲ್ಲರಿಗೂ ಕಳಿಸಲು ಹೋಗಬೇಡಿ. ದಿನಕ್ಕೆ 500 ವಿಳಾಸಗಳ ಮಿತಿ ಇದೆ. ಅದಕ್ಕಿಂತ ಮೊದಲೇ ಸ್ಪ್ಯಾಮ್ ಡಬ್ಬಿಗೆ ಬೀಳುವ ಸಾಧ್ಯತೆಯೂ ಇದೆ. ಬೇಡ ಅನ್ನಿಸಿದವರು ಹೊರಗೆ ಹೋಗಲು ಒಂದು ಬಾಗಿಲೂ ಇರಬೇಕಲ್ವಾ?

ಕಷ್ಟ ಏನೆಂದರೆ, ಸುಮ್ನೆ ಯಾರೂ ಇಮೇಲ್ ಕೊಡುವುದಿಲ್ಲ. ಏನಾದರೂ ಕೈಗಿಡಬೇಕು. ಪುಸ್ತಕಕ್ಕೆ ಸೇರದೆ ಉಳಿದ ಒಂದು ಕಥೆ, ಕಾದಂಬರಿಯ ಮೊದಲ ಮೂರು ಅಧ್ಯಾಯ, ಮಾಹಿತಿಯ ಪುಸ್ತಕವಾದರೆ ಒಂದು ಪುಟದ ಪಟ್ಟಿ. ತಿಂಗಳಿಗೊಂದು ಪತ್ರ ಸಾಕು, ಎರಡು ಗಂಟೆಯ ಕೆಲಸ. ನಿಮ್ಮ ಓದುಗರು ಇಮೇಲ್ ನೋಡುವವರೇ ಅಲ್ಲ ಅನ್ನುವುದಾದರೆ ಬ್ರಾಡ್‌ಕಾಸ್ಟ್ ಪಟ್ಟಿಯೇ ನಿಮ್ಮ ಇಮೇಲ್ ಪಟ್ಟಿ. ಆದರೆ ಆ ಹೆಸರು, ನಂಬರುಗಳನ್ನು ಫೋನಿನಾಚೆ ಒಂದು ಪುಸ್ತಕದಲ್ಲೂ ಬರೆದಿಡಿ. ಫೋನ್ ನೀರಿಗೆ ಬಿದ್ದವರ ಸಂಕಟ ನಾನು ನೋಡಿದ್ದೇನೆ.

ವಿಮರ್ಶೆ: ಕೇಳುವುದು, ಕೊಳ್ಳುವುದು, ಬರೆದುಕೊಳ್ಳುವುದು

ಒಂದೂ ಅಭಿಪ್ರಾಯವಿಲ್ಲದ ಪುಸ್ತಕದ ಪುಟ ಖಾಲಿ ಹೋಟೆಲಿನಂತೆ. ಒಳಗೆ ಹೋಗಲು ಎಲ್ಲರಿಗೂ ಅನುಮಾನ. ಹಾಗಾಗಿ ಬಿಡುಗಡೆಗೆ ಮೂರ್ನಾಲ್ಕು ವಾರ ಮೊದಲೇ ಹದಿನೈದು ಇಪ್ಪತ್ತು ಜನಕ್ಕೆ ಪಿಡಿಎಫ್ ಅಥವಾ ಮುದ್ರಿತ ಪ್ರತಿ ಕೊಡಿ. ಅರ್ಧದಷ್ಟು ಜನ ಓದಿದರೆ, ಅವರಲ್ಲಿ ನಾಲ್ಕೈದು ಜನ ಬರೆದರೆ ನೀವು ಗೆದ್ದಂತೆ.

ಯಾರಿಗೆ ಕೊಡಬೇಕು ಅನ್ನುವುದೇ ಇಲ್ಲಿ ಗುಟ್ಟು. ನಾನು ಮೊದಲು ಹೆಸರಾಂತ ವಿಮರ್ಶಕರಿಗೆ ಅಂಚೆಯಲ್ಲಿ ಗೌರವ ಪ್ರತಿ ಕಳಿಸಿದೆ. ಒಂಬತ್ತು ಪ್ರತಿ, ಅಂಚೆ ಖರ್ಚು ಬೇರೆ. ಒಂದಕ್ಕೂ ಉತ್ತರವಿಲ್ಲ. ಅವರನ್ನು ದೂರುವ ಹಾಗಿಲ್ಲ, ಅವರ ಮೇಜಿನ ಮೇಲೆ ಎಷ್ಟು ಪುಸ್ತಕ ಇರುತ್ತವೋ. ಎರಡನೇ ಸಲ ತಾವು ಓದಿದ ಪುಸ್ತಕಗಳ ಬಗ್ಗೆ ತಮ್ಮ ಪುಟದಲ್ಲಿ ಆಗಾಗ ಬರೆಯುವ ಸಾಮಾನ್ಯ ಓದುಗರನ್ನು ಹುಡುಕಿದೆ. ಮುನ್ನೂರು ನಾನೂರು ಜನ ಫಾಲೋ ಮಾಡುವವರು. ಮೊದಲು ಕೇಳಿ, ಹೂಂ ಅಂದವರಿಗಷ್ಟೇ ಕಳಿಸಿದೆ. ಹತ್ತರಲ್ಲಿ ಆರು ಜನ ಬರೆದರು. ಒಬ್ಬರು ಎರಡು ಕಥೆ ಚೆನ್ನಾಗಿಲ್ಲ ಅಂತ ಕಾರಣ ಸಮೇತ ಬರೆದರು. ವಿಚಿತ್ರ ಏನೆಂದರೆ, ಆ ವಿಮರ್ಶೆ ಓದಿ ಪುಸ್ತಕ ತಗೊಂಡೆ ಅಂತ ನಾಲ್ಕು ಜನ ಹೇಳಿದರು.

ನಿಯಮಗಳೂ ಗೊತ್ತಿರಲಿ. ಅಮೆಜಾನಿನಲ್ಲಿ ಲೇಖಕರ ಮನೆಯವರು, ಆಪ್ತ ಸ್ನೇಹಿತರು ವಿಮರ್ಶೆ ಬರೆಯುವ ಹಾಗಿಲ್ಲ. ದುಡ್ಡು ಕೊಟ್ಟು ಬರೆಸುವ ಹಾಗೂ ಇಲ್ಲ. ಪುಕ್ಕಟೆ ಪ್ರತಿ ಕೊಡಬಹುದು, ಆದರೆ 'ಕೊಟ್ಟಿದ್ದೇನೆ, ಬರೆಯಲೇಬೇಕು' ಅಥವಾ 'ಒಳ್ಳೆಯದನ್ನೇ ಬರೆಯಿರಿ' ಅಂತ ಷರತ್ತು ಹಾಕಿದರೆ ನಿಯಮ ಮುರಿದಂತೆ. ಅಕ್ಕ, ಭಾವ, ಚಿಕ್ಕಪ್ಪನ ಮಗ ಎಲ್ಲರೂ ಐದೈದು ಸ್ಟಾರ್ ಹಾಕಿ, ಒಂದು ದಿನ ಎಲ್ಲವೂ ಅಳಿಸಿಹೋದರೆ ಕೇಳುವವರಿಲ್ಲ. ಗುಡ್‌ರೀಡ್ಸ್, ಅಂದರೆ ಓದುಗರು ಪುಸ್ತಕಗಳಿಗೆ ಅಂಕ, ಅಭಿಪ್ರಾಯ ಕೊಡುವ ಜಾಲತಾಣ, ಸ್ವಲ್ಪ ಸಡಿಲ. ಅಲ್ಲಿ ಪುಸ್ತಕ ಅಲ್ಲೇ ಕೊಂಡಿರಬೇಕು ಅಂತಿಲ್ಲ, ಬಿಡುಗಡೆಗೆ ಮೊದಲೇ ಓದಿದವರೂ ಬರೆಯಬಹುದು. ಲೇಖಕರ ಪುಟ ಮಾಡಿಕೊಳ್ಳುವುದು ಉಚಿತ. ಅಲ್ಲಿನ ಗಿವ್‌ಅವೇಗೆ (ಓದುಗರಿಗೆ ಚೀಟಿ ಎತ್ತಿ ಪುಕ್ಕಟೆ ಪ್ರತಿ ಹಂಚುವುದು) ಮಾತ್ರ 2018ರಿಂದ ಶುಲ್ಕ ಇದೆ. ಹೊಸಬರು ಅದನ್ನು ಬಿಟ್ಟರೆ ನಷ್ಟವೇನಿಲ್ಲ. ಅಲ್ಲಿ ಯಾರಾದರೂ ಬೈದು ಬರೆದರೆ ಉತ್ತರ ಕೊಡಲು ಹೋಗಬೇಡಿ. ಎಷ್ಟೇ ಕೈ ತುರಿಸಿದರೂ.

ತನ್ನ ಬೆನ್ನು ತಾನೇ ತಟ್ಟಿಕೊಳ್ಳುವ ಚಾಳಿ ಇಂದಿನದಲ್ಲ. ಅಮೆರಿಕದ ಕವಿ ವಾಲ್ಟ್ ವ್ಹಿಟ್ಮನ್ 1855ರಲ್ಲಿ ತಮ್ಮ ಮೊದಲ ಸಂಕಲನವನ್ನು ತಾವೇ ಅಚ್ಚು ಹಾಕಿಸಿ, ಹೆಸರು ಹಾಕದೆ ತಾವೇ ಹೊಗಳಿ ವಿಮರ್ಶೆ ಬರೆದುಕೊಂಡಿದ್ದರು. ಸಾಲದ್ದಕ್ಕೆ ಆ ಕಾಲದ ಹೆಸರಾಂತ ಚಿಂತಕ ಎಮರ್ಸನ್ ಖಾಸಗಿಯಾಗಿ ಬರೆದ ಮೆಚ್ಚುಗೆಯ ಪತ್ರದ ಒಂದು ಸಾಲನ್ನು, ಅವರನ್ನು ಕೇಳದೆ, ಮುಂದಿನ ವರ್ಷದ ಆವೃತ್ತಿಯ ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ ಹಾಕಿಸಿದರು. ಅವರು ದಕ್ಕಿಸಿಕೊಂಡರು. ಕವಿತೆ ಅಷ್ಟು ದೊಡ್ಡದಿತ್ತು. ನಮ್ಮ ನಿಮ್ಮಂಥವರು ಇವತ್ತು ನಕಲಿ ಖಾತೆಯಿಂದ ಹೀಗೆ ಮಾಡಿದರೆ ಅರ್ಧ ಗಂಟೆಯಲ್ಲಿ ಸ್ಕ್ರೀನ್‌ಶಾಟ್ ಓಡಾಡುತ್ತಿರುತ್ತದೆ.

'ಐವತ್ತು ವಿಮರ್ಶೆ ಗ್ಯಾರಂಟಿ', 'ಬೆಸ್ಟ್‌ಸೆಲ್ಲರ್ ಮಾಡಿಸಿಕೊಡ್ತೀವಿ', 'ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಟ್ಟಿ' ಅಂತ ಬರುವ ಮೆಸೇಜುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಲೀಟ್ ಮಾಡಿ.

ಪುಕ್ಕಟೆ ಕೊಡುವುದೋ, ಕಂತುಕಂತಾಗಿ ಹಾಕುವುದೋ

ಇ-ಪುಸ್ತಕ ಇದ್ದವರಿಗೆ ಇದು ನಿಜವಾದ ಗೊಂದಲ. ಕೆಡಿಪಿ ಅಂದರೆ ಲೇಖಕರೇ ತಮ್ಮ ಪುಸ್ತಕವನ್ನು ಅಮೆಜಾನಿನ ಕಿಂಡಲ್ ಅಂಗಡಿಯಲ್ಲಿ ಇಡುವ ವ್ಯವಸ್ಥೆ, ಸೆಲೆಕ್ಟ್ ಅದರೊಳಗಿನ ಒಂದು ಯೋಜನೆ. ಕಿಂಡಲ್‌ನ ಕೆಡಿಪಿ ಸೆಲೆಕ್ಟ್‌ಗೆ ಸೇರಿದರೆ 90 ದಿನದ ಅವಧಿಯಲ್ಲಿ ಐದು ದಿನ ಪುಸ್ತಕವನ್ನು ಉಚಿತವಾಗಿ ಕೊಡಬಹುದು. ಬದಲಿಗೆ ಆ 90 ದಿನ ಇ-ಪುಸ್ತಕ ಬೇರೆಲ್ಲೂ ಇರಬಾರದು, ನಿಮ್ಮ ಸ್ವಂತ ವೆಬ್‌ಸೈಟಿನಲ್ಲೂ ಇರಬಾರದು. ಮುದ್ರಿತ ಪ್ರತಿಗೆ ಈ ಕಟ್ಟಳೆ ಇಲ್ಲ. ಅವಧಿ ಮುಗಿದಾಗ ನೀವು ಬೇಡ ಅನ್ನದಿದ್ದರೆ ತಾನಾಗಿಯೇ ಮುಂದುವರಿಯುತ್ತದೆ, ಅದನ್ನು ನೆನಪಿಡಿ. ಕೆಡಿಪಿ ಎಲ್ಲ ಭಾಷೆಯ ಇ-ಪುಸ್ತಕಗಳನ್ನೂ ತೆಗೆದುಕೊಳ್ಳುವುದಿಲ್ಲ. ಯೋಜನೆ ಹಾಕುವ ಮೊದಲು ನಿಮ್ಮ ಭಾಷೆ ಅವರ ಪಟ್ಟಿಯಲ್ಲಿ ಇದೆಯಾ ನೋಡಿಕೊಳ್ಳಿ.

ಉಚಿತ ದಿನಗಳಲ್ಲಿ ಡೌನ್‌ಲೋಡ್ ಸಂಖ್ಯೆ ಏರುವುದು ನೋಡಲು ಚಂದ. ಆದರೆ ಪುಕ್ಕಟೆ ಸಿಕ್ಕಿದ್ದನ್ನು ಇಳಿಸಿಕೊಂಡು ಓದದೆ ಇಡುವವರೇ ಹೆಚ್ಚು. ನಾನೂ ಹಾಗೇ, ನೀವೂ ಹಾಗೇ ಇರಬಹುದು. ಒಂದೇ ಪುಸ್ತಕ ಇರುವವರಿಗೆ ಇದರಿಂದ ಲಾಭ ಕಡಿಮೆ. ಸರಣಿ ಬರೆಯುವವರಿಗೆ ಮಾತ್ರ ಇದು ಒಳ್ಳೆಯ ಗಾಳ. ಮೊದಲ ಭಾಗ ಪುಕ್ಕಟೆ, ಎರಡನೆಯದು ಕೊಳ್ಳಬೇಕು.

ಕಂತುಕಂತಾಗಿ ಹಾಕುವುದು ಬೇರೆಯೇ ಆಟ. 2006ರಿಂದ ಇರುವ ವಾಟ್‌ಪ್ಯಾಡ್‌ನಂಥ ಜಾಗಗಳಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕುತ್ತಾ ಹೋದರೆ ಓದುಗರು ಕಾಯುವ ಅಭ್ಯಾಸಕ್ಕೆ ಬೀಳುತ್ತಾರೆ. ಆ್ಯಂಡಿ ವಿಯರ್ ಅನ್ನುವ ಪ್ರೋಗ್ರಾಮರ್ ಮಂಗಳ ಗ್ರಹದಲ್ಲಿ ಸಿಕ್ಕಿಬಿದ್ದವನ ಕಾದಂಬರಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಅಧ್ಯಾಯವಾಗಿ ಪುಕ್ಕಟೆ ಹಾಕಿದ್ದರು. ಓದುಗರೇ ಕಿಂಡಲ್‌ಗೆ ಕೊಡಿ ಅಂತ ಕೇಳಿದ ಮೇಲೆ 2011ರಲ್ಲಿ 99 ಸೆಂಟಿಗೆ ಇಟ್ಟರು. 2014ರಲ್ಲಿ ದೊಡ್ಡ ಪ್ರಕಾಶಕರು ಅದನ್ನೇ ತಂದರು, 2015ರಲ್ಲಿ ಸಿನಿಮಾ ಬಂತು. ಎಲ್ಲರಿಗೂ ಹೀಗಾಗುತ್ತದೆ ಅಂತ ಈ ಕಥೆ ಹೇಳುತ್ತಿಲ್ಲ. ಅವರ ಓದುಗರು ಅಧ್ಯಾಯ ಓದಿ ವಿಜ್ಞಾನದ ತಪ್ಪುಗಳನ್ನೂ ತೋರಿಸುತ್ತಿದ್ದರು, ಅವರು ತಿದ್ದುತ್ತಿದ್ದರು. ನನಗೆ ಇಷ್ಟವಾಗಿದ್ದು ಅದು.

ಒಂದು ಎಚ್ಚರಿಕೆ. ಪೂರ್ತಿ ಕಾದಂಬರಿಯನ್ನು ಹೀಗೆ ಹಾಕಿದ ಮೇಲೆ ಕೆಲವು ಪ್ರಕಾಶಕರು, ಸ್ಪರ್ಧೆಗಳು ಅದನ್ನು ಆಗಲೇ ಪ್ರಕಟವಾದ ಕೃತಿ ಅಂತ ಬದಿಗಿಡಬಹುದು. ಕೆಡಿಪಿ ಸೆಲೆಕ್ಟಿಗೆ ಸೇರುವ ಮನಸ್ಸಿದ್ದರೆ ಹಾಕಿದ್ದನ್ನು ಮೊದಲು ತೆಗೆಯಬೇಕು.

ಎದುರುಬದುರು ಕೂತು

ಬಿಡುಗಡೆ ಸಮಾರಂಭಕ್ಕೆ ಬರುವುದು ನೆಂಟರು, ಗೆಳೆಯರು. ಅವರು ಹೇಗಿದ್ದರೂ ಕೊಳ್ಳುತ್ತಿದ್ದರು. ಸಭಾಂಗಣ, ಬ್ಯಾನರ್, ಶಾಲು, ಕಾಫಿ ಎಲ್ಲ ಸೇರಿದರೆ ಇಡೀ ಪ್ರಚಾರದ ದುಡ್ಡು ಒಂದೇ ಸಂಜೆಗೆ ಹೋಗುತ್ತದೆ. ಖುಷಿಗೆ ಮಾಡಿ, ಮಾರಾಟದ ಲೆಕ್ಕದಲ್ಲಿ ಸೇರಿಸಬೇಡಿ.

ಅದರ ಬದಲು ಓದುಗರ ಕೂಟ, ಗ್ರಂಥಾಲಯ, ಕಾಲೇಜಿನ ಸಾಹಿತ್ಯ ಸಂಘ ಇಂಥ ಕಡೆ ಆಗಲೇ ಸೇರುವ ಜನರ ಹತ್ತಿರ ಹೋಗಿ. ಖರ್ಚು ಬಸ್ ಚಾರ್ಜು ಮಾತ್ರ. ನಾನು ಹೋದ ಮೊದಲ ಕೂಟದಲ್ಲಿ ಹದಿನಾಲ್ಕು ಜನ ಇದ್ದರು. ಇಪ್ಪತ್ತು ನಿಮಿಷ ಪುಸ್ತಕದ 'ಆಶಯ'ದ ಬಗ್ಗೆ ಮಾತಾಡಿದೆ. ಒಬ್ಬರು ಬಾಯಿ ಮುಚ್ಚಿಕೊಂಡು ಆಕಳಿಸಿದ್ದು ಕಾಣಿಸಿತು. ಹೋಗಿದ್ದು ಒಂದು ಪ್ರತಿ. ಮುಂದಿನ ಕೂಟದಲ್ಲಿ ಮುನ್ನುಡಿ, ಹಿನ್ನುಡಿ ಏನೂ ಇಲ್ಲದೆ ಒಂದು ಕಥೆ ಓದಲು ಶುರು ಮಾಡಿದೆ. ಬಾವಿಗೆ ಇಳಿದವನ ಹಗ್ಗ ಸಡಿಲವಾಗುವ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚಿದೆ. ಮುಂದೇನಾಯ್ತು ಅಂತ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಗದರಿಸಿದ ಹಾಗೆ ಕೇಳಿದರು. ಅವತ್ತು ತಂದಿದ್ದ ಒಂಬತ್ತೂ ಹೋದವು. ಕೊಂಡವರ ಹೆಸರು, ನಂಬರ್ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡೆ. ಮೂರೂ ಪ್ರಶ್ನೆಗೆ ಒಟ್ಟಿಗೆ ಪಾಸಾಗುವ ದಾರಿ ನನಗೆ ಕಂಡಿದ್ದು ಇದೊಂದೇ. ನಾಚಿಕೆ ಸ್ವಭಾವದವರಿಗೆ ಮಾತ್ರ ಕಷ್ಟ.

ಗ್ರಂಥಾಲಯಕ್ಕೆ ಒಂದು ಪ್ರತಿ ಸುಮ್ನೆ ಕೊಟ್ಟು ಬನ್ನಿ. ಹತ್ತು ಜನ ಓದಿದರೆ ಮಾರಾಟ ಕಮ್ಮಿಯಾಗುತ್ತದೆ ಅಂತ ಹೆದರುವ ಹಂತಕ್ಕೆ ನಾವಿನ್ನೂ ಬಂದಿಲ್ಲ.

ಬುಕ್‌ಮಾರ್ಕ್ ಅಚ್ಚು ಹಾಕಿಸಿ ಅದರ ಮೇಲೆ ಕ್ಯೂಆರ್ ಕೋಡ್ ಹಾಕುವುದೂ ಅಗ್ಗ. ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಕೋಡ್ ಮಾಡಿಕೊಡುವ ಕೆಲವು ಸೈಟುಗಳು ಮಧ್ಯೆ ತಮ್ಮ ಲಿಂಕ್ ಇಡುತ್ತವೆ. ಪುಕ್ಕಟೆ ಅವಧಿ ಮುಗಿದ ಮೇಲೆ ಆ ಲಿಂಕ್ ಸತ್ತುಹೋಗುತ್ತದೆ. ಐನೂರು ಬುಕ್‌ಮಾರ್ಕ್ ಹಂಚಿದ ಮೇಲೆ ನನಗೆ ಗೊತ್ತಾಯಿತು. 'ಸ್ಟ್ಯಾಟಿಕ್' ಕೋಡ್ ಅಂತ ಕೇಳಿ ಮಾಡಿಸಿ. ಅದರಲ್ಲಿ ವಿಳಾಸ ಕೋಡಿನ ಒಳಗೇ ಇರುತ್ತದೆ, ಯಾರ ಹಂಗೂ ಇಲ್ಲ.

ದುಡ್ಡು ಕೊಟ್ಟು ಜಾಹೀರಾತು

ಪೋಸ್ಟಿನ ಕೆಳಗಿನ 'ಬೂಸ್ಟ್' ಗುಂಡಿ ಒತ್ತುವ ಮೊದಲು ಒಂದು ಚೀಟಿಯಲ್ಲಿ ಲೆಕ್ಕ ಹಾಕಿ. ಒಂದು ಪ್ರತಿ ಹೋದರೆ ನಿಮಗೆ ಉಳಿಯುವುದು 40 ರೂಪಾಯಿ ಅಂದುಕೊಳ್ಳಿ. ಒಂದು ಕ್ಲಿಕ್ಕಿಗೆ 5 ಕೊಡುತ್ತೀರಿ. ಇಪ್ಪತ್ತು ಕ್ಲಿಕ್ಕಿಗೆ ಒಬ್ಬರು ಕೊಂಡರೆ ಆ ಒಂದು ಪ್ರತಿಗೆ ಖರ್ಚು 100. ಪ್ರತಿಯೊಂದಕ್ಕೂ 60 ಕೈಬಿಟ್ಟಿತು. ಲಾಭ ಬೇಕು ಅಂದರೆ ಏಳು ಕ್ಲಿಕ್ಕಿಗೆ ಒಬ್ಬರು ಕೊಳ್ಳಬೇಕು. ಹೆಸರೇ ಕೇಳದ ಲೇಖಕರಿಗೆ ಅದು ಸಿಗುವುದು ಅಪರೂಪ.

ಇದರಲ್ಲೂ ವ್ಯತ್ಯಾಸ ಇದೆ. ಫೇಸ್‌ಬುಕ್ಕಿನಲ್ಲಿ ಜಾಹೀರಾತು ನೋಡುವವರು ಮದುವೆ ಫೋಟೋ ನೋಡುತ್ತಾ ಇರುತ್ತಾರೆ. ಅಂಗಡಿಯ ಒಳಗಿನ ಜಾಹೀರಾತು, ಉದಾಹರಣೆಗೆ ಅಮೆಜಾನಿನದು, ನೋಡುವವರು ಪುಸ್ತಕ ಹುಡುಕುತ್ತಲೇ ಬಂದವರು. ಹಾಕಲೇಬೇಕು ಅಂದರೆ ಎರಡನೆಯದರಲ್ಲಿ ದಿನದ ಮಿತಿ ಕಟ್ಟಿ, ಎರಡು ವಾರ ನೋಡಿ, ನಿಲ್ಲಿಸಿ. ಕೈಯಲ್ಲಿ ಮೂರ್ನಾಲ್ಕು ಪುಸ್ತಕ ಆಗುವವರೆಗೆ ನನ್ನ ಸಲಹೆ ಇದರ ಹತ್ತಿರ ಹೋಗಬೇಡಿ ಅಂತಲೇ.

ಹಾಗಾದರೆ ಯಾರಿಗೆ ಯಾವುದು?

ಕವಿತೆ ಬರೆಯುವವರು ಕೂಟಗಳಲ್ಲಿ ಓದಲಿ, ಇನ್‌ಸ್ಟಾಗ್ರಾಮ್ ಇಟ್ಟುಕೊಳ್ಳಲಿ. ಒಂದು ಪುಟ್ಟ ಕವಿತೆ ಒಂದೇ ಚಿತ್ರದಲ್ಲಿ ಹಿಡಿಸುತ್ತದೆ, ಕಾದಂಬರಿಗೆ ಆ ಭಾಗ್ಯ ಇಲ್ಲ. ಸಣ್ಣಕಥೆಯವರಿಗೆ ಹೆಸರು ಹಿಡಿದು ಬರೆಯುವ ವಾಟ್ಸಾಪು, ತಾವು ಓದಿದ್ದರ ಬಗ್ಗೆ ಬರೆಯುವ ಓದುಗರು, ಕೂಟಗಳು. ಸರಣಿ ಅಥವಾ ಪತ್ತೇದಾರಿ ಬರೆಯುವವರು ಕಂತು ಮತ್ತು ಇಮೇಲ್ ಪಟ್ಟಿಯನ್ನು ಬಿಡಬಾರದು. ಮಾಹಿತಿಯ ಪುಸ್ತಕಕ್ಕೆ ಯೂಟ್ಯೂಬ್. ಮಕ್ಕಳ ಪುಸ್ತಕ ಬರೆದವರು ಆನ್‌ಲೈನ್ ಎಲ್ಲ ಬಿಟ್ಟು ಶಾಲೆಗೆ ಹೋಗಿ ಕಥೆ ಹೇಳಲಿ. ಮಕ್ಕಳು ಮನೆಗೆ ಹೋಗಿ ಹಟ ಮಾಡುವುದಕ್ಕಿಂತ ದೊಡ್ಡ ಪ್ರಚಾರ ನನಗೆ ಗೊತ್ತಿಲ್ಲ.

ವಾರಕ್ಕೆ ಎರಡೇ ಗಂಟೆ ಇರುವವರು ಎರಡಕ್ಕಿಂತ ಜಾಸ್ತಿ ದಾರಿ ಹಿಡಿಯಬೇಡಿ. ಒಂದನ್ನು ಮೂರು ತಿಂಗಳಾದರೂ ನೋಡಿ. ಯಾವುದರಿಂದ ಎಷ್ಟು ಹೋಯಿತು ಅಂತ ತಿಳಿಯಲು ಪ್ರತಿ ಜಾಗಕ್ಕೂ ಬೇರೆ ಬೇರೆ ಕಿರು ಲಿಂಕ್ ಕೊಡಿ, ಇಲ್ಲವೇ ಕೊಂಡವರನ್ನೇ ಕೇಳಿ. ನನ್ನ ನೋಟ್‌ಬುಕ್ಕಿನಲ್ಲಿ ಹೆಸರಿನ ಪಕ್ಕ 'ವಾ', 'ಕೂ', 'ವಿ' ಅಂತ ಒಂದೊಂದು ಅಕ್ಷರ ಇದೆ. ವಾಟ್ಸಾಪು, ಕೂಟ, ವಿಮರ್ಶೆ. 'ಫೇ' ಅಂತ ಇರುವುದು ನಾಲ್ಕೇ ಕಡೆ.

ಕೊನೆಗೆ, ಎಲ್ಲಕ್ಕಿಂತ ಅಗ್ಗದ ಜಾಗವನ್ನು ನಾನೇ ಮೊದಲ ಮುದ್ರಣದಲ್ಲಿ ಖಾಲಿ ಬಿಟ್ಟಿದ್ದೆ. ಪುಸ್ತಕದ ಕೊನೆಯ ಪುಟ. ಅಲ್ಲಿಗೆ ಬಂದವರು ಪೂರ್ತಿ ಓದಿದವರು. ಅಲ್ಲೇ ಒಂದು ಇಮೇಲ್ ವಿಳಾಸ, 'ಯಾವ ಕಥೆ ನೆನಪಿನಲ್ಲಿ ಉಳಿಯಿತು, ಎರಡು ಸಾಲು ಬರೆಯಿರಿ' ಅನ್ನುವ ಒಂದು ವಾಕ್ಯ. ಎರಡನೇ ಮುದ್ರಣದಲ್ಲಿ ಹಾಕಿಸಿದೆ. ಮೊದಲು ಬಂದ ಪತ್ರ ಆ ಬಾವಿಯ ಕಥೆಯ ಬಗ್ಗೆ. ಬರೆದವರು ಹಗ್ಗಕ್ಕೆ ಹಾಕುವ ಗಂಟು ನಾನು ಬರೆದ ಹಾಗೆ ಇರುವುದಿಲ್ಲ ಅಂತ, ಚಿತ್ರ ಬಿಡಿಸಿ ಕಳಿಸಿದ್ದರು.